ತಿರುಳಿಗೊಂದು ತೇಪೆ

ಪ್ರಪಂಚವೆಂದ ಮೇಲೆ ಹರಿಯುವದೂ ಮುರಿಯುವದೂ ಇದ್ದದ್ದೇ. ಹರಿದದ್ದನ್ನು ಹೊಲಿದು, ಮುರಿದದ್ದನ್ನು ಬಿಗಿದು, ಸವೆದದ್ದನ್ನು ಬೇರೊಂದು ಕೆಲಸಕ್ಕೆ ಹಚ್ಚಿ ದಿನ ನೂಕುವದೇ ಮನೆವಾರ್ತೆಯ ಮುಕ್ಕಾಲು ಪಾಲು. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಹಳೆಯ ಸೀರೆ, ಹಳೆಯ ಧೋತರ, ಕುಪ್ಪಸದ ಅರಿವೆಯ ತುಂಡು ಇವುಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ದಾರ ಓಡಿಸಿ ಅವರು ಹೊಲಿಯುವ ಕೌದಿಯು ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಹಳ್ಳಿಹಳ್ಳಿಯ ಮನೆಗಳಲ್ಲಿ ಕಾಣುವದು. ಅದಕ್ಕೆ ತೇಪೆ ಬಿದ್ದಿತೆಂದು ಯಾರೂ ನಾಚುವದಿಲ್ಲ. ತೇಪೆಯೇ ಕೌದಿಯ ಮೈ.

ಆದರೆ ಈಚೆಗೆ ಮನೆಯೊಳಗೆ ಬಂದು ಕುಳಿತ ಕೆಲವು ವಸ್ತುಗಳ ಮುಂದೆ ನಮ್ಮ ಈ ಧೈರ್ಯವು ಕುಗ್ಗಿಬಿಡುತ್ತದೆ. ಕೈಯಲ್ಲಿಯ ಫೋನು, ಮೇಜಿನ ಮೇಲಿನ ಗಣಕಯಂತ್ರ, ಇವು ಕೆಟ್ಟವೆಂದರೆ ಅಂಗಡಿಯವನು ಹೇಳಿದ್ದೇ ವೇದವಾಕ್ಯ. "ಇದು ಹಳೇದಾತ್ರಿ, ಹೊಸಾದು ತಗೋರಿ" ಎಂದು ಅವನು ನುಡಿದರೆ ತಲೆಯಾಡಿಸಿ ಹಣ ಎಣಿಸುವದೊಂದೇ ನಮಗೆ ಉಳಿದ ಕೆಲಸ. ಅದರ ಒಳಗನ್ನು ತೆರೆದು ನೋಡುವದು ದೊಡ್ಡ ಪಟ್ಟಣದ ಪಂಡಿತರ ಪಾಲಿನದು, ಹಳ್ಳಿಯ ಗೃಹಸ್ಥರದಲ್ಲ ಎಂಬ ಭಾವನೆಯು ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಈ ಭಾವನೆ ಪೂರ್ತಿ ಸರಿಯಲ್ಲ. ಮನೆಯ ವಸ್ತುವಿನ ಒಳಗನ್ನು ಮನೆಯವರು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ನೆರೆಹೊರೆಗೆ ಕೊಡಲೂಬಹುದು ಎಂಬ ಮಾತು ಗಣಕಯಂತ್ರದ ಮಟ್ಟಿಗೂ ನಿಜವೆಂಬದನ್ನು ನಮ್ಮ ಮನೆಯಲ್ಲಿ ನಡೆದ ಒಂದು ಕೆಲಸದ ಆಧಾರದಿಂದ ವಾಚಕರ ಮುಂದೆ ಇಡಬೇಕೆಂದು ಇದನ್ನು ಬರೆಯುತ್ತಲಿದ್ದೇವೆ.

ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳುವದು ಮೇಲಿನ ಸೊಗಸು ಮಾತ್ರ: ಅಕ್ಷರ ಮೂಡುವ ಹಾಳೆ, ಚಿತ್ರ ತೋರುವ ಚೌಕಟ್ಟು, ಹಾಡು ಕೇಳಿಸುವ ಗುಂಡಿ. ಈ ಸೊಗಸಿಗೂ ಯಂತ್ರದ ಲೋಹಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದೆ ದುಡಿಯುವ ಒಂದು ಭಾಗವುಂಟು. ಅದಕ್ಕೆ ಕರ್ನೆಲ್ ಎನ್ನುವರು. ಕಾಯಿಯ ಒಳಗಿನ ತಿರುಳೆಂಬದೇ ಆ ಶಬ್ದದ ಅರ್ಥವಾದ್ದರಿಂದ ನಾವೂ ಅದನ್ನು ತಿರುಳೆಂದೇ ಕರೆಯುವೆವು. ಹಿಂದಿನ ಕಾಲದ ತುಂಬಿದ ಮನೆಗಳಲ್ಲಿ ಅಡಿಗೆಮನೆಯ ಹಿರಿಯಳೊಬ್ಬಳು ಇರುತ್ತಿದ್ದಳಷ್ಟೆ. ಬಂದವರ ಸಂಗಡ ಪಡಸಾಲೆಯಲ್ಲಿ ಮಾತಾಡುವವಳು ಅವಳಲ್ಲ. ಆದರೆ ಒಲೆಯು ಯಾರಿಗೆ ಎಷ್ಟು ಹೊತ್ತು, ಯಾರ ಗಂಗಾಳಕ್ಕೆ ಎಷ್ಟು ರೊಟ್ಟಿ, ಯಾವ ಗಡಿಗೆಯನ್ನು ಯಾರು ಮುಟ್ಟಕೂಡದು ಎಂಬದೆಲ್ಲ ಅವಳ ಕಣ್ಸನ್ನೆಯಿಂದಲೇ ನಡೆಯಬೇಕು. ತಿರುಳಿನ ಕೆಲಸವೂ ಅಂಥಾದ್ದೇ. ಯಂತ್ರದ ಬುದ್ಧಿಯ ಹೊತ್ತನ್ನು ಹತ್ತಾರು ಕೆಲಸಗಳಿಗೆ ಹಂಚುವದು, ನೆನಪಿನ ಜಾಗವನ್ನು ಪಾಲು ಮಾಡುವದು, ಕೀಲಿಮಣೆ, ಪರದೆ, ಸಂಗ್ರಹದ ತಟ್ಟೆ ಇವೆಲ್ಲವುಗಳ ಮಾತನ್ನು ಕೇಳಿ ಉತ್ತರ ಕೊಡುವದು, ಒಬ್ಬರ ವಸ್ತುವಿಗೆ ಇನ್ನೊಬ್ಬರು ಕೈಹಾಕದಂತೆ ಕಾಯುವದು. ತಿರುಳು ಸರಿಯಿದ್ದರೆ ಅದರ ನೆನಪೇ ಆಗದು. ಅದು ತಪ್ಪಿದರೆ ಮನೆಯೆಲ್ಲ ಉಪವಾಸ.

ಈ ತಿರುಳು ಆಕಾಶದಿಂದ ಬಿದ್ದದ್ದಲ್ಲ, ಮನುಷ್ಯರು ಬರೆದ ಬರಹ. ಅದರ ಬಹುಭಾಗವು ಸಿ ಎಂಬ ಭಾಷೆಯಲ್ಲಿರುವದು; ೧೯೭೦ರ ದಶಕದ ಮೊದಲಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬವರು ಅದನ್ನು ರೂಪಿಸಿದರು. ಮನುಷ್ಯನು ಓದಬಲ್ಲ ಈ ಬರಹವು ಯಂತ್ರಕ್ಕೆ ತಿಳಿಯದು. ಅದನ್ನು ಯಂತ್ರದ ಅಂಕಿಗಳಿಗೆ ಇಳಿಸಬೇಕು. ಇದಕ್ಕೆ ಕಂಪೈಲ್ ಮಾಡುವದೆನ್ನುವರು. ಜೋಳವನ್ನು ಗಿರಣಿಗೆ ಹಾಕಿ ಹಿಟ್ಟು ಮಾಡಿದಂತೆ ಇದು. ಹಿಟ್ಟಿನಿಂದ ರೊಟ್ಟಿಯಾಗುವದು, ಆದರೆ ಹಿಟ್ಟಿನಿಂದ ಜೋಳವು ಮರಳಿ ಆಗದು. ಪೇಟೆಯಲ್ಲಿ ಮಾರುವ ವ್ಯವಸ್ಥೆಗಳಲ್ಲಿ ಹೆಚ್ಚಿನವು ಬಾಯಿ ಹೊಲಿದ ಹಿಟ್ಟಿನ ಚೀಲಗಳು. ಅದರಲ್ಲಿ ನುಚ್ಚುಗಲ್ಲು ಬಂದರೆ ಮಾರಿದವನೇ ಬೇರೆ ಚೀಲ ಕಳಿಸಬೇಕು. ಅವನು ಕಳಿಸದಿದ್ದರೆ ನಾವು ಕಲ್ಲು ಕಡಿಯಬೇಕು. ಜೋಳವೇ ಕೈಗೆ ಬಂದರೆ ಹಾಗಲ್ಲ. ಮೊರದಲ್ಲಿ ಹಾಕಿ ಕೇರಬಹುದು, ಕಲ್ಲು ಆರಿಸಬಹುದು, ಬೇಕಾದಷ್ಟು ನುಣ್ಣಗೆ ಬೀಸಿಕೊಳ್ಳಬಹುದು.

ಜಗತ್ತಿಗೆ ಜೋಳವನ್ನೇ ಕೊಟ್ಟವರ ಕಥೆಯು ತಿಳಿಯತಕ್ಕದ್ದಾಗಿದೆ. ೧೯೮೩ ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೇರಿಕದವರು, ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವೆವೆಂದು ಸಾರಿ, ಅದಕ್ಕೆ ಗ್ನೂ ಎಂಬ ಹೆಸರಿಟ್ಟು ಕೆಲಸಕ್ಕೆ ತೊಡಗಿದರು. ಬೀಸುವ ಕಲ್ಲು, ಮೊರ, ಜರಡಿ ಎಲ್ಲವೂ ಒಂದೊಂದಾಗಿ ಸಿದ್ಧವಾದವು. ಬರಹವನ್ನು ಯಂತ್ರಕ್ಕೆ ಇಳಿಸುವ ಅವರ ಜಿ.ಸಿ.ಸಿ. ಎಂಬ ಸಾಧನವು ೧೯೮೭ ರಲ್ಲಿ ಹೊರಬಿದ್ದಿತು. ಆದರೆ ತಿರುಳು ಮಾತ್ರ ಸಿದ್ಧವಾಗಿರಲಿಲ್ಲ. ೧೯೯೧ನೆಯ ಅಗಸ್ಟದಲ್ಲಿ ಫಿನ್ಲಂಡ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರುಷದ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು, ತಾನು ಮನೆಯ ಯಂತ್ರಕ್ಕಾಗಿ ಒಂದು ಸಣ್ಣ ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದೂ, ಅದು ಹವ್ಯಾಸದ ಕೆಲಸವೆಂದೂ, ದೊಡ್ಡದೇನೂ ಆಗದೆಂದೂ ಸಾರಿದನು. ಅದರ ಮೊದಲಿನ ಬರಹವು ಸುಮಾರು ಹತ್ತು ಸಾವಿರ ಸಾಲು. ೧೯೯೨ ರಲ್ಲಿ ಅವನು ಅದನ್ನು ಸ್ಟಾಲ್‌ಮನ್ನರ ಲೈಸೆನ್ಸಿನ ಕೆಳಗೆ ತಂದನು: ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಬರಹವನ್ನೂ ಕೂಡಿಯೇ ಕೊಡತಕ್ಕದ್ದು. ಹೀಗೆ ಹುಟ್ಟಿದ ಲಿನಕ್ಸ್ ಇಂದು ಮೂರು ಕೋಟಿ ಸಾಲುಗಳನ್ನು ಮೀರಿದೆ. ೨೦೦೮ ರಿಂದ ಮಾರಾಟಕ್ಕೆ ಬಂದ ಆಂಡ್ರಾಯ್ಡ್ ಫೋನುಗಳ ಒಳಗೆ ಇರುವದು ಇದೇ ತಿರುಳು. ಜಗತ್ತಿನ ಅತಿ ವೇಗದ ಐದುನೂರು ಗಣಕಯಂತ್ರಗಳ ಪಟ್ಟಿಯಲ್ಲಿ ೨೦೧೭ರ ನವಂಬರದ ಹೊತ್ತಿಗೆ ಐದುನೂರೂ ಇದನ್ನೇ ನಡೆಸುವವಾದವು. ನಮ್ಮ ನಾಡಿನಲ್ಲಿಯೂ ೨೦೦೧ ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೆಲವರು ಯಂತ್ರ ಕಟ್ಟುವವರೊಡನೆ ಕೂಡಿ, ಬಡವರ ಕೈಗೆಟುಕಬೇಕೆಂದು ರಚಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರಕ್ಕೆ ಇದೇ ತಿರುಳನ್ನು ಇಟ್ಟಿದ್ದರು. ಆ ಯಂತ್ರವು ಬಹುಕಾಲ ಬಾಳಲಿಲ್ಲವಾದರೂ ಯಾರ ಅಪ್ಪಣೆಯನ್ನೂ ಬೇಡದೆ ಇಂಥದೊಂದನ್ನು ಕಟ್ಟಬಹುದೆಂಬದು ಅದರಿಂದ ತಿಳಿದಂತಾಯಿತು.

ಇನ್ನು ನಮ್ಮ ಮನೆಯ ಮಾತು. ನಾವಿರುವದು ಯಲ್ಲಮ್ಮನ ಗುಡ್ಡಕ್ಕೆ ಹೊಂದಿದ ಉಗರಗೋಳದಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಕಾಲಕ್ಕೆ ಚಕ್ಕಡಿಗಳ ಸಾಲು, ಭಂಡಾರದ ಹಳದಿ, ಉಧೋ ಎಂಬ ಕೂಗು ಇವುಗಳಿಂದ ಊರು ತುಂಬಿ ತುಳುಕುವದು. ಉಳಿದ ದಿನಗಳಲ್ಲಿ ಜೋಳ, ಹತ್ತಿ, ಕಡಲೆಗಳ ಚಿಂತೆ. ನಮ್ಮ ಮಗಳು ಧಾರವಾಡದಲ್ಲಿ ಕನ್ನಡದ ಎಂ.ಎ. ಓದುತ್ತಿರುವಳು. ಊರ ಮುದುಕಿಯರ ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡು ಪ್ರಬಂಧ ಮಾಡಬೇಕೆಂಬದು ಅವಳ ಹಂಬಲ. ಅವಳ ಓದಿಗೆಂದು ಕೆಲವು ವರುಷಗಳ ಹಿಂದೆ ಒಂದು ಮಡಚುವ ಗಣಕಯಂತ್ರವನ್ನು ಒಬ್ಬರು ಬಳಸಿ ಬಿಟ್ಟದ್ದನ್ನು ಕೊಂಡಿದ್ದೆವು. ಅದರಲ್ಲಿದ್ದ ವ್ಯವಸ್ಥೆಗೆ ಅದರ ಒಡೆಯರು ದುರಸ್ತಿ ಕೊಡುವದನ್ನು ನಿಲ್ಲಿಸಿದರು. ಅವರ ಹೊಸ ವ್ಯವಸ್ಥೆಯು ಈ ಹಳೆಯ ಯಂತ್ರವನ್ನು ಒಪ್ಪಲಿಲ್ಲ. ಹೊಸ ಯಂತ್ರಕ್ಕೆ ಎರಡು ಎಕರೆ ಕರಿಹೊಲದ ಒಂದು ವರುಷದ ಹತ್ತಿಯ ಉಳಿಕೆ ಬೇಕು. ಆದ್ದರಿಂದ ಮಗಳು ಡೆಬಿಯನ್ ಎಂಬ, ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ವ್ಯವಸ್ಥೆಯನ್ನು ಅದರಲ್ಲಿ ಹಾಕಿಕೊಂಡಳು. ಯಂತ್ರಕ್ಕೆ ಮರಳಿ ಹರೆಯ ಬಂದಂತಾಯಿತು. ಕನ್ನಡದ ಅಕ್ಷರಗಳೂ ಚೆನ್ನಾಗಿಯೇ ಮೂಡಿದವು.

ಒಂದು ಕುಂದು ಮಾತ್ರ ಉಳಿಯಿತು. ನಮ್ಮೂರಲ್ಲಿ ವಿದ್ಯುತ್ತು ಹೋಗುವದು ಬರುವದು ನಿತ್ಯದ ಆಟ. ಯಂತ್ರದ ಹಳೆಯ ಬ್ಯಾಟರಿಯಲ್ಲಿ ಅರ್ಧ ತಾಸಿನ ಕಸುವೂ ಇಲ್ಲ. ದೀಪ ಹೋದ ಕೂಡಲೆ ಮುಚ್ಚಳ ಮುಚ್ಚಿದರೆ ಯಂತ್ರವು ನಿದ್ದೆಹೋಗುವದು, ಕಸುವು ಉಳಿಯುವದು. ದೀಪ ಬಂದ ಮೇಲೆ ತೆರೆದರೆ ಬಿಟ್ಟಲ್ಲಿಂದಲೇ ಕೆಲಸ ಸಾಗಬೇಕು. ಆದರೆ ನಮ್ಮ ಯಂತ್ರವು ಎದ್ದ ಮೇಲೆ ಕೀಲಿಮಣೆಯು ಮಾತಾಡುತ್ತಿರಲಿಲ್ಲ. ಪರದೆಯ ಮೇಲೆ ಬರೆದದ್ದೆಲ್ಲ ಕಾಣುವದು, ಒಂದಕ್ಷರ ಒತ್ತಿದರೂ ಮೂಡದು. ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಿ ಮರಳಿ ಹಚ್ಚಬೇಕು. ಆರಿಸಿದ ಕೂಡಲೆ, ಕೂಡಿಸಿ ಇಡದೆ ಉಳಿದದ್ದು ಹೋದಂತೆಯೇ.

ಇದು ಬರಿಯ ಕಿರಿಕಿರಿಯಾಗಿದ್ದರೆ ನಾವು ಸಹಿಸಿಕೊಳ್ಳುತ್ತಿದ್ದೆವು. ಒಂದು ಸಂಜೆ ನಮ್ಮ ಓಣಿಯ ಎಂಬತ್ತು ದಾಟಿದ ಮುದುಕಿಯೊಬ್ಬಳು ಮನೆಗೆ ಬಂದು ಕುಳಿತು ಹಾಡಿದಳು. ಫೋನನ್ನು ಮುಂದೆ ಹಿಡಿದರೆ ಅವಳ ಬಾಯಿ ಕಟ್ಟುವದು. ಆದ್ದರಿಂದ ಅವಳು ಹಾಡಿದಂತೆ ಮಗಳು ಯಂತ್ರದಲ್ಲಿ ಬರೆದುಕೊಳ್ಳುತ್ತಲಿದ್ದಳು. ಹನ್ನೊಂದು ಪದಗಳಾಗಿದ್ದವು. ದೀಪ ಹೋಯಿತು, ಯಂತ್ರವು ತಾನೇ ನಿದ್ದೆಹೋಯಿತು, ಎದ್ದಾಗ ಕೀಲಿಮಣೆ ಸತ್ತಿತ್ತು. ವಾರದ ಮೇಲೆ ಆ ಮುದುಕಿಯು ಮತ್ತೆ ಬಂದು, ನಕ್ಕು, ಒಂಬತ್ತನ್ನು ಹಾಡಿದಳು. ಇನ್ನೆರಡು ಅವಳ ನೆನಪಿಗೆ ಬರಲೇ ಇಲ್ಲ. "ಕಲ್ಲಿನ ಮುಂದ ಕುಂತ್ರ ಬರ್ತಾವ ತಂಗೀ, ಹಿಂಗ ಕೇಳಿದ್ರ ಬರೂದಿಲ್ಲ" ಎಂದಳು. ಅವಳ ಮನೆಯ ಬೀಸುವ ಕಲ್ಲು ಹಿತ್ತಲಲ್ಲಿ ಬಿದ್ದು ಎಷ್ಟೋ ವರುಷಗಳಾದವು. ಆ ಎರಡು ಪದಗಳು ಇನ್ನಾರ ಬಾಯಲ್ಲಿಯಾದರೂ ಉಳಿದಿವೆಯೋ ಯಾರು ಬಲ್ಲರು? ಅಂದೇ ಮಗಳು, ಈ ಯಂತ್ರವನ್ನು ಸರಿಪಡಿಸದೆ ಇನ್ನು ಯಾರನ್ನೂ ಹಾಡಲು ಕರೆಯೆನೆಂದು ಹಟ ಹಿಡಿದಳು.

ಅಂಗಡಿಗಳಿಗೆ ಒಯ್ದುದಾಯಿತು. ಒಬ್ಬನು ಕೀಲಿಮಣೆ ಬದಲಿಸಬೇಕೆಂದನು. ಇನ್ನೊಬ್ಬನು ಯಂತ್ರವನ್ನೇ ಬದಲಿಸಿರೆಂದನು. ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ತಮ್ಮನ ಮಗನು ಫೋನಿನಲ್ಲಿ ಎಲ್ಲವನ್ನೂ ಕೇಳಿ ಬೇರೆಯೇ ಮಾತು ಹೇಳಿದನು: "ತಂಗೀ, ಮುಂಜಾನೆ ಹಚ್ಚಿದಾಗ ನಡೀತದ, ನಿದ್ದಿಯಿಂದ ಎದ್ದಾಗಷ್ಟ ನಡ್ಯಾಂಗಿಲ್ಲ ಅಂದ್ರ ಅದು ಕೀಲಿಮಣಿ ತಪ್ಪಲ್ಲ, ಎಬ್ಬಿಸೋರ ತಪ್ಪು." ಎಬ್ಬಿಸುವವರೆಂದರೆ ತಿರುಳು. ಇಲ್ಲಿಂದ ಮುಂದೆ ದಾರಿ ತಿಳಿಯಾಯಿತು.

ಇದರ ಮೂಲವು ೧೯೮೪ರಷ್ಟು ಹಳೆಯದು. ಆ ವರುಷ ಐ.ಬಿ.ಎಂ. ಕಂಪನಿಯು ತನ್ನ ಎ.ಟಿ. ಎಂಬ ಯಂತ್ರದಲ್ಲಿ ಕೀಲಿಮಣೆಯ ಮಾತನ್ನು ಯಂತ್ರಕ್ಕೆ ಮುಟ್ಟಿಸಲು ೮೦೪೨ ಎಂಬ ಸಣ್ಣ ಚಿಪ್ಪನ್ನು ಇಟ್ಟಿತು. ಆ ಚಿಪ್ಪು ಕಾಲಾಂತರದಲ್ಲಿ ಬೇರೆ ಚಿಪ್ಪುಗಳಲ್ಲಿ ಕರಗಿಹೋಯಿತು, ಆದರೆ ಅದರ ರೀತಿನೀತಿಯು ಮಡಚುವ ಯಂತ್ರಗಳಲ್ಲಿ ಬಹುಮಟ್ಟಿಗೆ ಉಳಿದುಬಂದಿತು. ಹಿರಿಯರು ಹೋದರೂ ಮನೆಯ ವಾಡಿಕೆ ಉಳಿದಂತೆ. ಆದರೆ ಒಂದೊಂದು ಕಂಪನಿಯು ಆ ವಾಡಿಕೆಯನ್ನು ಒಂದೊಂದು ಬಗೆಯಾಗಿ ನಡೆಸಿತು. ಕೆಲವು ಯಂತ್ರಗಳಲ್ಲಿ ನಿದ್ದೆಯಿಂದ ಎದ್ದ ಮೇಲೆ ಆ ಭಾಗವನ್ನು ಮರಳಿ ಮೊದಲಿನ ಸ್ಥಿತಿಗೆ ತಂದು ಮಾತಾಡಿಸಬೇಕು. ಇಲ್ಲವಾದರೆ ಅದು ಮುನಿಸಿಕೊಂಡು ಕೂಡುವದು. ಇಂಥ ಯಂತ್ರಗಳ ಹೆಸರುಗಳ ಒಂದು ಪಟ್ಟಿಯೇ ಲಿನಕ್ಸ್ ತಿರುಳಿನಲ್ಲಿದೆ. ನೂರಕ್ಕೂ ಮಿಕ್ಕಿದ ಹೆಸರುಗಳಿವೆ. ಎಲ್ಲಿಯೋ ಒಬ್ಬರ ಮನೆಯಲ್ಲಿ ಯಂತ್ರವು ಮುನಿಸಿಕೊಂಡದ್ದನ್ನು ಅವರು ಕಂಡು, ಕಾರಣ ಹುಡುಕಿ, ಒಂದು ಸಾಲು ಸೇರಿಸಿದ್ದರಿಂದ ಆ ಪಟ್ಟಿ ಬೆಳೆದಿದೆ. ನಮ್ಮ ಯಂತ್ರದ ಅಣ್ಣತಮ್ಮಂದಿರ ಹೆಸರು ಅದರಲ್ಲಿದ್ದಿತು. ನಮ್ಮದರ ಹೆಸರು ಇರಲಿಲ್ಲ.

ಯಂತ್ರವನ್ನು ಹಚ್ಚುವಾಗ ತಿರುಳಿಗೆ ಒಂದು ಮಾತನ್ನು ಕಿವಿಯಲ್ಲಿ ಹೇಳುವ ಏರ್ಪಾಡು ಉಂಟು. ಮಗಳು ಮೊದಲು ಆ ರೀತಿಯಿಂದ, ಎದ್ದ ಮೇಲೆ ಕೀಲಿಮಣೆಯನ್ನು ಸಂತಯಿಸೆಂದು ತಿಳಿಸಿ ನೋಡಿದಳು. ಕೀಲಿಮಣೆಯು ಮಾತಾಡಿತು! ರೋಗ ಇದೇ ಎಂಬದು ಗೊತ್ತಾಯಿತು. ನಮ್ಮೊಬ್ಬರ ಮಟ್ಟಿಗಾದರೆ ಇಷ್ಟೇ ಸಾಕಿತ್ತು. ಆದರೆ ಇದೇ ಜಾತಿಯ ಯಂತ್ರವನ್ನು ಇಟ್ಟುಕೊಂಡ ಇನ್ನೆಷ್ಟೋ ಮನೆಗಳಲ್ಲಿ ಇದೇ ಗೋಳು ಇದ್ದೀತು. ಆ ಕಿವಿಮಾತು ಅವರಿಗೆ ಯಾರು ಹೇಳಬೇಕು? ಪಟ್ಟಿಯಲ್ಲಿಯೇ ಹೆಸರು ಸೇರಿದರೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಾಗೆ ಸೇರಿಸಬೇಕೆಂದು ಕೇಳುವವರು ತಾವು ಅದನ್ನು ಕಟ್ಟಿ ನಡೆಸಿ ನೋಡಿರಬೇಕೆಂಬದು ಆ ಕೆಲಸಗಾರರ ರೂಢಿ. ಆದ್ದರಿಂದ ತಿರುಳಿಗೆ ತೇಪೆ ಹಚ್ಚಿ ಮನೆಯಲ್ಲಿಯೇ ಕಟ್ಟುವದೆಂದು ನಿಶ್ಚಯವಾಯಿತು.

ತೇಪೆಯೆಂಬದು ನಾವು ತಂದು ಹಚ್ಚಿದ ಉಪಮೆಯಲ್ಲ. ಅವರೂ ಅದನ್ನು ಪ್ಯಾಚ್ ಎಂದೇ ಕರೆಯುವರು. ಯಾವ ಕಡತದಲ್ಲಿ, ಯಾವ ಸಾಲುಗಳ ನಡುವೆ, ಏನು ತೆಗೆಯಬೇಕು, ಏನು ಸೇರಿಸಬೇಕು ಎಂಬದನ್ನು ಬರೆದ ಚೀಟಿ ಅದು. ತೆಗೆಯುವ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸುವ ಸಾಲಿನ ಮುಂದೆ ಕೂಡಿಸುವ ಗುರುತು. ಅದರ ಜಾಣತನವಿರುವದು ಬೇರೊಂದು ಕಡೆ: ತಿದ್ದುವ ಜಾಗದ ಹಿಂದಿನ ಮೂರು ಸಾಲು, ಮುಂದಿನ ಮೂರು ಸಾಲುಗಳನ್ನೂ ಚೀಟಿಯು ತನ್ನೊಡನೆ ಒಯ್ಯುವದು. ಈ ನಡುವೆ ಬೇರೆಯವರು ಮೇಲೆ ಕೆಳಗೆ ಹತ್ತಾರು ಸಾಲು ಸೇರಿಸಿ ಎಣಿಕೆ ತಪ್ಪಿದ್ದರೂ, ಸುತ್ತಲಿನ ಸಾಲುಗಳ ಗುರುತಿನಿಂದ ಅದು ತನ್ನ ಜಾಗವನ್ನು ಹುಡುಕಿಕೊಳ್ಳುವದು. ಗುರುತು ಸಿಕ್ಕದಿದ್ದರೆ ಸುಮ್ಮನೆ ಎಲ್ಲಿಯೋ ಅಂಟಿಕೊಳ್ಳದೆ, ಹೊಂದಲಿಲ್ಲವೆಂದು ಹೇಳಿ ನಿಲ್ಲುವದು. ಇಂಥ ಚೀಟಿಗಳನ್ನು ಹಚ್ಚುವ ಸಾಧನವನ್ನು ೧೯೮೫ ರಲ್ಲಿ ಲ್ಯಾರಿ ವಾಲ್ ಎಂಬವರು ಬರೆದರು. ನಮ್ಮ ತಾಯಿಯವರಿಗೆ ಮಗಳು ಇದನ್ನೆಲ್ಲ ಪರದೆಯ ಮೇಲೆ ತೋರಿಸಿದಾಗ ಅವರು ತಟ್ಟನೆ, "ಅಂದ್ರ ತ್ಯಾಪಿ ಹಚ್ಚೂ ಮುಂದ ಸುತ್ತಲಿನ ಅರಿವಿ ನೋಡಿ ಹಚ್ಚಬೇಕಂತಿ. ಇದರಾಗ ಹೊಸಾದೇನೈತಿ?" ಎಂದರು. ಕೌದಿ ಹೊಲಿದ ಕೈಗೆ ಇದು ಹೊಸದಲ್ಲ, ನಿಜ.

ನಮ್ಮ ತೇಪೆಯು ಹತ್ತು ಸಾಲನ್ನು ಮೀರಲಿಲ್ಲ. ಅಣ್ಣತಮ್ಮಂದಿರ ಸಾಲುಗಳನ್ನು ನೋಡಿ, ಅವುಗಳ ಕೆಳಗೆ ನಮ್ಮ ಯಂತ್ರದ ಕಂಪನಿಯ ಹೆಸರು, ಯಂತ್ರದ ಹೆಸರು, ಮಾಡತಕ್ಕ ಉಪಚಾರ ಇಷ್ಟನ್ನು ಬರೆದದ್ದು. ಹೆಸರು ಮಾತ್ರ ಯಂತ್ರವು ತನ್ನ ಒಡಲಲ್ಲಿ ಬರೆದಿಟ್ಟುಕೊಂಡಂತೆಯೇ ಅಕ್ಷರಶಃ ಇರಬೇಕು. ಹೊರಗಿನ ಚೀಟಿಯಲ್ಲಿ ಅಚ್ಚಾದ ಹೆಸರು ಕೆಲಸಕ್ಕೆ ಬಾರದು. ಹಚ್ಚುವ ಮೊದಲು, ಏನನ್ನೂ ಮುಟ್ಟದೆ ತೇಪೆ ಹೊಂದುವದೋ ಇಲ್ಲವೋ ಎಂದಷ್ಟೇ ನೋಡುವ ಸೌಕರ್ಯವೂ ಆ ಸಾಧನದಲ್ಲಿದೆ. ಅಳತೆ ನೋಡದೆ ಕತ್ತರಿ ಹಾಕಬಾರದಷ್ಟೆ.

ಜಾತ್ರೆ ನೆರೆದರೆ ಫೋನಿನ ಸಂಪರ್ಕವು ಎಳೆದಾಡುವದೆಂದು ತಿಳಿದು ಬನದ ಹುಣ್ಣಿಮೆಗೆ ವಾರ ಮುಂಚೆಯೇ ತಿರುಳಿನ ಬರಹವನ್ನು ತರಿಸಿಕೊಂಡೆವು. ೨೦೨೪ರ ನವಂಬರದಲ್ಲಿ ಹೊರಬಿದ್ದ ೬.೧೨ ಎಂಬ ಆವೃತ್ತಿ ಅದು. ದೀರ್ಘಕಾಲ ದುರಸ್ತಿ ಸಿಕ್ಕುವ ಆವೃತ್ತಿಗಳಲ್ಲಿ ಒಂದು. ೨೦೨೫ರ ಅಗಸ್ಟದಲ್ಲಿ ಬಂದ ಡೆಬಿಯನ್ ೧೩ರ ಒಳಗೂ ಇರುವದು ಅದೇ. ಒತ್ತಿ ಕಟ್ಟಿದ ಗಂಟು ನೂರೈವತ್ತು ಎಂ.ಬಿ.ಯ ಹತ್ತಿರ, ಬಿಚ್ಚಿದರೆ ಒಂದೂವರೆ ಜಿ.ಬಿ.ಯಷ್ಟು. ಜಗತ್ತಿನಲ್ಲಿರುವ ಎಷ್ಟೋ ಯಂತ್ರಗಳ, ಎಷ್ಟೋ ಉಪಕರಣಗಳ ಮಾತು ಅದರಲ್ಲಿದೆ. ಅಷ್ಟನ್ನೂ ಕಟ್ಟುತ್ತ ಕುಳಿತರೆ ನಮ್ಮ ಹಳೆಯ ಯಂತ್ರಕ್ಕೆ ಒಂದು ಹಗಲು ಸಾಲದು. ಅದಕ್ಕೆ ಒಂದು ಒಳ್ಳೆಯ ಉಪಾಯವಿದೆ: ಈಗ ಯಂತ್ರದಲ್ಲಿ ಯಾವ ಯಾವ ಭಾಗಗಳು ಬಳಕೆಯಲ್ಲಿವೆಯೋ ಅವನ್ನಷ್ಟೇ ಆರಿಸಿಕೊಳ್ಳೆಂದು ಹೇಳಬಹುದು. ಇದನ್ನು ಮಾಡುವ ಮೊದಲು ಮನೆಯಲ್ಲಿರುವ ಪ್ರಿಂಟರು, ಇಲಿ, ಹಾಡಿನ ಡಬ್ಬಿ, ಫೋನು ಎಲ್ಲವನ್ನೂ ಒಮ್ಮೆ ಜೋಡಿಸಿರಬೇಕು. ಊಟಕ್ಕೆ ಬರುವವರೆಲ್ಲರನ್ನೂ ಎಣಿಸಿಯೇ ಅಕ್ಕಿ ಅಳೆಯಬೇಕಲ್ಲವೆ? ಮಗಳು ಎಲ್ಲವನ್ನೂ ಜೋಡಿಸಿ, ಎಣಿಸಿ, ತಿರುಳಿನ ಹೆಸರಿನ ಕೊನೆಗೆ ಒಂದು ಬಾಲವನ್ನೂ ಕಟ್ಟಿದಳು. ತಾನು ಯಾವ ತಿರುಳೆಂದು ಯಂತ್ರವು ಹೇಳುವಾಗ ಆವೃತ್ತಿಯ ಅಂಕಿಯ ಮುಂದೆ ಉಗರಗೋಳ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರುವಂತೆ ಮಾಡಿದ್ದಳು. ಅಡ್ಡ ಗೆರೆ ಎಳೆದು ಯಾವ ಹೆಸರನ್ನಾದರೂ ಹೀಗೆ ಕಟ್ಟಬಹುದು.

ರಾತ್ರಿ ಊಟವಾದ ಮೇಲೆ ಮೇಕ್ ಎಂಬ ಒಂದೇ ಮಾತಿನಿಂದ ಕೆಲಸ ಹೂಡಿದೆವು. ಪರದೆಯ ಮೇಲೆ ಕಡತದ ಹೆಸರುಗಳು ಒಂದರ ಹಿಂದೊಂದು ಇರುವೆಯ ಸಾಲಿನಂತೆ ಏರತೊಡಗಿದವು. ಯಂತ್ರದ ಬೀಸಣಿಗೆಯು ಬೀಸುವ ಕಲ್ಲಿನಂತೆಯೇ ಗುರುಗುಟ್ಟಿತು. ತಾಯಿಯವರು ಮಲಗಲೊಲ್ಲದೆ ಹತ್ತಿರವೇ ಕುಳಿತರು. ತಾಸೊಂದರ ಮೇಲೆ, ಎಂದಿನಂತೆ, ದೀಪ ಹೋಯಿತು. ಆದರೆ ಮೇಕ್ ಎಂಬ ಸಾಧನವು ಇಂಥ ಅಡ್ಡಿಗಳಿಗೆ ಹೆದರುವದಲ್ಲ. ಬೆಲ್ ಪ್ರಯೋಗಶಾಲೆಯ ಸ್ಟೂಅರ್ಟ್ ಫೆಲ್ಡ್‌ಮನ್ ೧೯೭೬ ರಲ್ಲಿ ರಚಿಸಿದ ಅದು, ಯಾವುದು ಮೊದಲೇ ಆಗಿದೆ, ಯಾವುದು ಆಗಬೇಕಾಗಿದೆ ಎಂಬದನ್ನು ಕಡತಗಳ ಹೊತ್ತುಗುರುತಿನಿಂದ ತಿಳಿದುಕೊಂಡು ಉಳಿದದ್ದನ್ನಷ್ಟೇ ಮಾಡುವದು. ಮಗಳು ಕೆಲಸವನ್ನು ಕ್ರಮವಾಗಿ ನಿಲ್ಲಿಸಿ ಯಂತ್ರವನ್ನು ಆರಿಸಿದಳು; ಬೆಳಗಿನ ಜಾವ ದೀಪ ಬಂದಾಗ ಅದೇ ಮಾತನ್ನು ಮತ್ತೆ ಹೇಳಿದಳು. ಎಲ್ಲ ಕೂಡಿ ಮೂರು ತಾಸಿನೊಳಗೆ ಮುಗಿಯಿತು.

ಈ ಕಟ್ಟುವ ಸಾಧನವನ್ನು ಕಟ್ಟಿದವರಾರು ಎಂಬ ಪ್ರಶ್ನೆಯೂ ನಮಗೆ ಬಂದಿತು. ಇಂದಿನ ಜಿ.ಸಿ.ಸಿ.ಯನ್ನು ಕಟ್ಟಿದ್ದು ಅದಕ್ಕಿಂತ ಹಿಂದಿನ ಇನ್ನೊಂದು ಕಂಪೈಲರು. ಅದನ್ನು ಅದರ ಹಿಂದಿನದು. ಮೊಸರಿಗೆ ಹೆಪ್ಪು, ಹೆಪ್ಪಿಗೆ ಮತ್ತೊಂದು ಮೊಸರು, ಹೀಗೆ ಮನೆಯಿಂದ ಮನೆಗೆ ಬಂದದ್ದು. ಯುನಿಕ್ಸನ್ನು ರಚಿಸಿದವರಲ್ಲಿ ಮೊದಲಿಗರಾದ ಕೆನ್ ಥಾಂಪ್ಸನ್ ೧೯೮೪ ರಲ್ಲಿ ಪ್ರಕಟವಾದ ತಮ್ಮ ಹೆಸರಾಂತ ಉಪನ್ಯಾಸದಲ್ಲಿ, ಹೆಪ್ಪಿನಲ್ಲಿಯೇ ಕೇಡು ಸೇರಿದ್ದರೆ ಹಾಲು ಎಷ್ಟು ಶುದ್ಧವಿದ್ದರೂ ಪ್ರಯೋಜನವಿಲ್ಲವೆಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ಬರಹವನ್ನು ಓದಿದ ಮಾತ್ರಕ್ಕೆ ಎಲ್ಲವೂ ತಿಳಿಯದು. ಯಾರ ಕೈಯಿಂದ ಹೆಪ್ಪು ತಂದೆವೆಂಬದನ್ನೂ ನೋಡಬೇಕು. ನಂಬಿಕೆಯಿಲ್ಲದೆ ಯಾವ ಅಡಿಗೆಯೂ ನಡೆಯದು, ಆದರೆ ಕಣ್ಣು ಮುಚ್ಚಿದ ನಂಬಿಕೆ ಬೇರೆ, ಕೇಳಿ ನೋಡಿ ಇಟ್ಟ ನಂಬಿಕೆ ಬೇರೆ.

ಹೊಸ ತಿರುಳನ್ನು ಯಂತ್ರದಲ್ಲಿ ಇಡುವಾಗ ಹಳೆಯದನ್ನು ಅಳಿಸಬಾರದೆಂಬದು ಈ ಕೆಲಸದ ಮೊದಲ ನಿಯಮ. ಯಂತ್ರ ಹೊತ್ತಿಕೊಳ್ಳುವಾಗ ಯಾವ ತಿರುಳು ಬೇಕೆಂದು ಕೇಳುವ ಒಂದು ಯಾದಿಯು ಬರುವದು. ಹೊಸದು ಮೊಂಡಾಟ ಮಾಡಿದರೆ ಹಳೆಯದನ್ನು ಆರಿಸಿಕೊಂಡು ನಿಶ್ಚಿಂತರಾಗಿ ಕೂಡಬಹುದು. ತಾಯಿಯವರು ಇದನ್ನೂ ಒಪ್ಪಿದರು: "ಹಳೀ ಕೌದಿ ಈಗ ಒಗೀಬ್ಯಾಡವಾ. ಹೊಸಾದರಾಗ ಬೆಚ್ಚಗ ನಿದ್ದಿ ಬಂದ ಮ್ಯಾಲ ನೋಡೂಣು." ಯಂತ್ರವು ಹೊಸ ತಿರುಳಿನಿಂದ ಎದ್ದಿತು, ಹೆಸರು ಕೇಳಿದರೆ ಬಾಲದಲ್ಲಿ ಉಗರಗೋಳವೆಂದಿತು. ಮಗಳು ಮುಚ್ಚಳ ಮುಚ್ಚಿದಳು, ತೆರೆದಳು, ಒಂದು ಅಕ್ಷರ ಒತ್ತಿದಳು; ಅಕ್ಷರ ಮೂಡಿತು. ಇಪ್ಪತ್ತು ಸಲ ಹೀಗೆ ಮಾಡಿ ನೋಡಿದಳು. ಇಪ್ಪತ್ತು ಸಲವೂ ಮೂಡಿತು.

ಕನ್ನಡದ ಮಾತನ್ನೂ ಇಲ್ಲಿ ಒಂದಿಷ್ಟು ಹೇಳಬೇಕು. ತಿರುಳಿಗೆ ಇಂಗ್ಲಿಷ್, ಕನ್ನಡವೆಂಬ ಪಂಕ್ತಿಭೇದವಿಲ್ಲ. ಅಕ್ಷರಗಳೆಲ್ಲ ಅದಕ್ಕೆ ಅಂಕಿಗಳ ಸರ. ಲಿನಕ್ಸ್ ಹುಟ್ಟಿದ ೧೯೯೧ ರಲ್ಲಿಯೇ ಹೊರಬಿದ್ದ ಯುನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ೧೯೯೨ ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ಸೇರಿ ರಚಿಸಿದ ಯು.ಟಿ.ಎಫ್.-೮ ಎಂಬ ರೀತಿಯಲ್ಲಿ ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟುಗಳ ಜಾಗ. ಆದ್ದರಿಂದ ಪದಗಳ ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಟ್ಟರೂ ತಿರುಳು ಅದನ್ನು ಜೋಪಾನವಾಗಿ ಕಾಯುವದು. ಆದರೆ ಯಂತ್ರವು ಏಳುವಾಗ ಕಾಣುವ ಆ ಬರಿಯ ಕರಿಯ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಂಡು ಮೂಡವು; ಅಲ್ಲಿ ಇಂಗ್ಲಿಷಿನ ಲಿಪಿಯೇ ಗತಿ. ಅಲ್ಲಿಯೂ ತೇಪೆ ಹಚ್ಚುವ ಕೆಲಸವು ಕನ್ನಡದ ಮಕ್ಕಳಿಗಾಗಿ ಉಳಿದಿದೆ.

ಸ್ವಂತ ತಿರುಳನ್ನು ಕಟ್ಟಿಕೊಂಡವರ ಮೇಲೆ ಒಂದು ಹೊಣೆಯೂ ಬೀಳುವದೆಂಬದನ್ನು ಮರೆಮಾಚಲಾರೆವು. ಡೆಬಿಯನ್ನಿನವರು ಕೊಡುವ ತಿರುಳಿಗೆ ಕಳ್ಳಗಂಡಿಗಳನ್ನು ಮುಚ್ಚುವ ದುರಸ್ತಿಗಳು ಮೇಲಿಂದ ಮೇಲೆ ಮನೆಬಾಗಿಲಿಗೇ ಬರುವವು. ನಾವೇ ಕಟ್ಟಿದ್ದಕ್ಕೆ ಹಾಗೆ ಬಾರವು; ಪ್ರತಿಸಲವೂ ಹೊಸ ಬರಹವನ್ನು ತಂದು, ತೇಪೆ ಹಚ್ಚಿ, ಕಟ್ಟಬೇಕು. ಇಲ್ಲಿಯೇ ನಮಗೆ ಈ ಪದ್ಧತಿಯ ಸೊಗಸು ಹೊಳೆದದ್ದು. ತೇಪೆಯನ್ನು ಮನೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡರೆ ಅದನ್ನು ಹಚ್ಚುವ ದುಡಿತವು ಎಂದೆಂದಿಗೂ ನಮ್ಮದೇ. ಮೂಲದ ಬರಹಕ್ಕೆ ಅದನ್ನು ಕೊಟ್ಟುಬಿಟ್ಟರೆ ನಮ್ಮ ಹೊರೆ ಇಳಿಯುವದು, ನಾವು ಕಾಣದ ಸಾವಿರ ಮನೆಗಳಿಗೂ ಉಪಕಾರವಾಗುವದು. ಕೊಡುವದರಲ್ಲಿಯೇ ಪಡೆಯುವದೂ ಸೇರಿಕೊಂಡ ಇಂಥ ವ್ಯವಹಾರವು ಲೋಕದಲ್ಲಿ ಅಪರೂಪ.

ಮಗಳು ಆ ಭಾಗವನ್ನು ನೋಡಿಕೊಳ್ಳುವ ಪಾಲಕರಿಗೆ ತೇಪೆಯನ್ನು ಕಳಿಸಿದಳು. ಯಂತ್ರ ಯಾವುದು, ಕುಂದು ಏನು, ಹೇಗೆ ಪರೀಕ್ಷಿಸಿದೆ ಎಂಬದನ್ನು ನಾಲ್ಕು ಸಾಲಿನಲ್ಲಿ ಬರೆದು, ಕೊನೆಗೆ ತನ್ನ ಹೆಸರಿನ ರುಜುವಿನ ಸಾಲನ್ನು ಇಟ್ಟಳು. ೨೦೦೪ ರಿಂದ ನಡೆದುಬಂದ ಈ ರುಜುವಿನ ಅರ್ಥವಿಷ್ಟೇ: ಇದನ್ನು ಕೊಡುವ ಅಧಿಕಾರ ನನಗಿದೆ, ಇದೇ ಲೈಸೆನ್ಸಿನ ಕೆಳಗೆ ಎಲ್ಲರಿಗೂ ಕೊಟ್ಟಿದ್ದೇನೆ. ವಿದ್ಯೆ, ಪದವಿ, ಊರು, ಕುಲ ಯಾವುದನ್ನೂ ಅಲ್ಲಿ ಕೇಳುವದಿಲ್ಲ. ಮರುದಿನವೇ ಉತ್ತರ ಬಂದಿತು: ಸಾಲುಗಳ ಮುಂದಿನ ಬಿಡುವು ಅವರ ಪದ್ಧತಿಯಂತಿಲ್ಲ, ಸರಿಪಡಿಸಿ ಕಳಿಸಬೇಕೆಂದು. ಸರಿಪಡಿಸಿ ಕಳಿಸಿದ್ದಾಳೆ. ಹೊಸ ಆವೃತ್ತಿಯು ಒಂಬತ್ತು ಹತ್ತು ವಾರಕ್ಕೊಮ್ಮೆ ಬರುವ ಕ್ರಮವಿದೆ. ಅವರು ಒಪ್ಪಿದರೆ ಮುಂದಿನ ಯಾವುದೋ ಆವೃತ್ತಿಯ ಆ ಪಟ್ಟಿಯಲ್ಲಿ ನಮ್ಮ ಹಳೆಯ ಯಂತ್ರದ ಹೆಸರು ಕಂಡೀತು.

ವಾಚಕರೆಲ್ಲರೂ ತಿರುಳು ಕಟ್ಟಬೇಕೆಂದು ನಾವು ಹೇಳುವದಿಲ್ಲ. ಚೆನ್ನಾಗಿ ನಡೆಯುವ ಯಂತ್ರವನ್ನು ಸುಮ್ಮನೆ ಬಿಚ್ಚಬಾರದು. ಬಿಚ್ಚಬೇಕಾಗಿ ಬಂದವರು ತಮ್ಮ ಬರಹ, ಚಿತ್ರಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಡಬೇಕು; ಸಂಗ್ರಹದಲ್ಲಿ ಇಪ್ಪತ್ತು ಜಿ.ಬಿ.ಯಾದರೂ ತೆರವು ಜಾಗವಿರಬೇಕು. ಈಚಿನ ಯಂತ್ರಗಳಲ್ಲಿ ರುಜುವಿಲ್ಲದ ತಿರುಳನ್ನು ಒಳಬಿಡದ ಒಂದು ಕಾವಲು ಇರುವದುಂಟು, ಅದನ್ನು ಮೊದಲೇ ತಿಳಿದುಕೊಳ್ಳಬೇಕು. ಹಳೆಯ ತಿರುಳನ್ನು ಅಳಿಸಬಾರದು. ಇಂಗ್ಲಿಷಿನ ಆರೆಂಟು ಶಬ್ದಗಳು ಬಾಯಿಪಾಠವಾದರೆ ಉಳಿದದ್ದು ತಾಳ್ಮೆಯ ಮಾತು. ತಾಳ್ಮೆಯಲ್ಲಿ ನಮ್ಮ ಗೃಹಿಣಿಯರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಾವು ಹೇಳಬೇಕಾದದ್ದು ಇಷ್ಟೇ. ಬೀಸುವ ಪದಗಳನ್ನು ಮೊದಲು ಹಾಡಿದವರು ಯಾರೋ ಯಾರಿಗೂ ತಿಳಿಯದು. ಒಬ್ಬಳು ಒಂದು ನುಡಿ ಸೇರಿಸಿದಳು, ಇನ್ನೊಬ್ಬಳು ಒಂದು ಮಾತು ತಿದ್ದಿದಳು, ಮಗಳು ಗಂಡನ ಮನೆಗೆ ಒಯ್ದು ಅಲ್ಲಿಯ ಊರಿನ ಹೆಸರು ಕೂಡಿಸಿದಳು. ಹೀಗೆ ಅವು ಉಳಿದು ಬಂದವು. ಹಾಡುವದು ನಿಂತಲ್ಲಿ ಅವು ಸತ್ತವು. ಮೂರು ಕೋಟಿ ಸಾಲಿನ ಆ ಬರಹವೂ ಬದುಕಿರುವದು ಇದೇ ಬಗೆಯಿಂದ, ಸಾವಿರಾರು ಜನರ ಒಂದೊಂದು ಸಾಲಿನಿಂದ. ಮನೆಗೆ ಬಂದ ವಸ್ತುವು ಮನೆಯವರ ತೇಪೆಯನ್ನು ಒಪ್ಪುವಂತಿರಬೇಕು. ಹಚ್ಚಿದ ತೇಪೆಯು ನಾಲ್ಕು ಮನೆಗೆ ಉಪಯೋಗವಾಗುವಂತಿರಬೇಕು. ಕೊಳ್ಳುವಾಗ ಬೆಲೆ ಎಷ್ಟು, ಬಣ್ಣ ಎಂಥದು ಎಂದು ಕೇಳುವಂತೆ, ಇದು ಕೆಟ್ಟರೆ ನಾವು ತೆರೆದು ತಿದ್ದಬಹುದೇ ಎಂಬ ಪ್ರಶ್ನೆಯನ್ನೂ ನಮ್ಮ ಮನೆಗಳವರು ಕೇಳಲು ಕಲಿಯಲಿ. ಅಷ್ಟಾದರೆ ಹತ್ತಿಯ ಹಣವೂ ಉಳಿದೀತು, ಹಾಡುಗಳೂ ಉಳಿದಾವು.